ಮೋಸೆಲ್ ಕಣಿವೆಯ ಕಡಿದಾದ ದ್ರಾಕ್ಷಿ ತೋಟಗಳು ಪಾಳು ಬೀಳುತ್ತಿರುವುದೇಕೆ?

ಜರ್ಮನಿಯ ಮೋಸೆಲ್ ನದಿ ಕಣಿವೆಯಿಂದ ಈಚೆಗೆ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಲ್ಲಿನ ರೀಸ್ಲಿಂಗ್ ದ್ರಾಕ್ಷಿಯ ವೈನ್ ಇಂದಿಗೂ ಜಗತ್ತಿನ ಅತ್ಯುತ್ತಮ ಬಿಳಿ ವೈನ್‌ಗಳ ಸಾಲಿನಲ್ಲಿದೆ. ಅದೇ ಊರುಗಳಲ್ಲಿ ಬೆಳೆಗಾರರು ಬಳ್ಳಿ ಕೀಳಿಸುತ್ತಿದ್ದಾರೆ. ಅಜ್ಜನ ಕಾಲದ ತೋಟವನ್ನು ಗುತ್ತಿಗೆ ಹಣವಿಲ್ಲದೆ ಮಾಡಿಕೊಳ್ಳಿ ಎಂದರೂ ಮುಂದೆ ಬರುವವರಿಲ್ಲ. ವೈನ್ ಕೆಟ್ಟಿಲ್ಲ, ಹೆಸರು ಕೆಟ್ಟಿಲ್ಲ. ಹಾಗಿದ್ದರೂ ತೋಟ ಏಕೆ ಉಳಿಯುತ್ತಿಲ್ಲ?

ಇದಕ್ಕೆ ಉತ್ತರ ಹುಡುಕಲು ಕೊಖೆಮ್-ತ್ಸೆಲ್ ಜಿಲ್ಲೆಗಿಂತ ಒಳ್ಳೆಯ ಜಾಗವಿಲ್ಲ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟ ಎಂದು ಹೆಸರಾದ ಕಾಲ್ಮೊಂಟ್ ಇರುವುದು ಇಲ್ಲೇ, ಬ್ರೆಮ್ ಮತ್ತು ಎಡಿಗರ್-ಎಲ್ಲರ್ ಊರುಗಳ ನಡುವೆ. ಸಮಸ್ಯೆಯ ಎಲ್ಲ ಎಳೆಗಳೂ ಈ ಒಂದೇ ಜಿಲ್ಲೆಯಲ್ಲಿ ಕಾಣಸಿಗುತ್ತವೆ.

ಜಿಲ್ಲೆಯ ಪರಿಚಯ

ಕೊಖೆಮ್-ತ್ಸೆಲ್ ಇರುವುದು ರೈನ್‌ಲ್ಯಾಂಡ್-ಪಲಾಟಿನೇಟ್ ರಾಜ್ಯದಲ್ಲಿ. 1969ರಲ್ಲಿ ಕೊಖೆಮ್ ಜಿಲ್ಲೆಯನ್ನೂ ತ್ಸೆಲ್ ಜಿಲ್ಲೆಯ ಬಹುಭಾಗವನ್ನೂ ಸೇರಿಸಿ ಇದನ್ನು ರಚಿಸಿದರು. ವಿಸ್ತೀರ್ಣ ಸುಮಾರು 690 ಚದರ ಕಿಲೋಮೀಟರ್, ಜನಸಂಖ್ಯೆ 60 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಜಿಲ್ಲಾ ಕೇಂದ್ರ ಕೊಖೆಮ್ ಪಟ್ಟಣದಲ್ಲಿ ಇರುವವರೇ ಐದು ಸಾವಿರ ಚಿಲ್ಲರೆ ಮಂದಿ. ಇಲ್ಲಿನ ಜಿಲ್ಲಾ ಮುಖ್ಯಸ್ಥ ಸರ್ಕಾರ ನೇಮಿಸಿದ ಅಧಿಕಾರಿಯಲ್ಲ, ಜನರೇ ನೇರವಾಗಿ ಎಂಟು ವರ್ಷಕ್ಕೆ ಆರಿಸಿದವರು. ಅವರ ಕೆಳಗೆ ನಾಲ್ಕು ಪಂಚಾಯಿತಿ ಒಕ್ಕೂಟಗಳು, ಒಕ್ಕೂಟಗಳ ಕೆಳಗೆ ಎಂಬತ್ತಕ್ಕೂ ಹೆಚ್ಚು ಪುಟ್ಟ ಪಂಚಾಯಿತಿಗಳು. ಕೆಲವು ಊರುಗಳಲ್ಲಿ ಜನಸಂಖ್ಯೆ ನೂರಿನ ಲೆಕ್ಕದಲ್ಲೇ ಮುಗಿಯುತ್ತದೆ.

ಉತ್ತರಕ್ಕೆ ಐಫೆಲ್ ಎಂಬ ಹಳೆಯ ಜ್ವಾಲಾಮುಖಿ ಸೀಮೆ, ದಕ್ಷಿಣಕ್ಕೆ ಹುನ್ಸ್‌ರುಕ್ ಎತ್ತರದ ಬಯಲು. ಇವೆರಡರ ನಡುವೆ ಮೋಸೆಲ್ ನದಿ ಸ್ಲೇಟುಕಲ್ಲನ್ನು ಆಳವಾಗಿ ಕೊರೆದುಕೊಂಡು ಹಾವಿನಂತೆ ಸುತ್ತಿ ಹರಿಯುತ್ತದೆ. ಎಷ್ಟು ಸುತ್ತುತ್ತದೆಂದರೆ, ಎಲ್ಲರ್‌ನಿಂದ ಕೊಖೆಮ್‌ಗೆ ನದಿ 20 ಕಿಲೋಮೀಟರಿಗೂ ಹೆಚ್ಚು ಹರಿದು ತಲುಪುವ ದೂರವನ್ನು ರೈಲು 4,205 ಮೀಟರ್ ಉದ್ದದ ಸುರಂಗದಲ್ಲಿ ಹಾದುಬಿಡುತ್ತದೆ. 19ನೇ ಶತಮಾನದ ಕೊನೆಯಲ್ಲಿ ಕೊರೆದ ಆ ಸುರಂಗ ಇಂದಿಗೂ ಬಳಕೆಯಲ್ಲಿದೆ. 1964ರಲ್ಲಿ ನದಿಯನ್ನು ದೊಡ್ಡ ಸರಕು ಹಡಗುಗಳಿಗೆ ತೆರೆದಾಗ ಈ ಜಿಲ್ಲೆಯ ಮ್ಯೂಡೆನ್, ಫಾಂಕೆಲ್, ಸಾಂಕ್ಟ್ ಆಲ್ಡೆಗುಂಡ್ ಊರುಗಳಲ್ಲಿ ಅಣೆಕಟ್ಟು ಮತ್ತು ಹಡಗು ಏರಿಳಿಸುವ ಲಾಕ್‌ಗಳು ಬಂದವು. 2024ರ ಡಿಸೆಂಬರ್‌ನಲ್ಲಿ ಮ್ಯೂಡೆನ್ ಲಾಕ್‌ನ ಗೇಟಿಗೆ ಸರಕು ಹಡಗೊಂದು ಗುದ್ದಿ, ಹತ್ತಾರು ಹಡಗುಗಳು ನದಿಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡದ್ದು ಕೆಲವರಿಗೆ ನೆನಪಿರಬಹುದು.

ಹೊಟ್ಟೆಪಾಡಿನ ದಾರಿಗಳು ಇಲ್ಲಿ ಹೆಚ್ಚಿಲ್ಲ. ಐಫೆಲ್ ಕಡೆ ಕೃಷಿ, ಸಣ್ಣ ಕೈಗಾರಿಕೆ ಮತ್ತು ಬ್ಯೂಷೆಲ್ ವಾಯುನೆಲೆ. ಕಣಿವೆಯಲ್ಲಿ ವೈನ್ ಮತ್ತು ಪ್ರವಾಸೋದ್ಯಮ. ಈ ಕೊನೆಯ ಎರಡನ್ನು ಬೇರೆ ಬೇರೆ ಉದ್ಯಮವೆಂದು ಲೆಕ್ಕ ಹಾಕುವುದೇ ತಪ್ಪಿನ ಮೂಲ. ಕೊಖೆಮ್ ಕೋಟೆ ನೋಡಲು ಬರುವವರು, ಕಾಲ್ಮೊಂಟ್‌ನ ಏಣಿ ದಾರಿ ಹತ್ತಲು ಬರುವವರು, 365 ಕಿಲೋಮೀಟರಿನ ಮೋಸೆಲ್ ಕಾಲುದಾರಿಯಲ್ಲಿ ನಡೆಯುವವರು ಎಲ್ಲರೂ ನೋಡಲು ಬರುವುದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಆ ಬಳ್ಳಿಯ ಇಳಿಜಾರುಗಳನ್ನೇ. ಅವುಗಳನ್ನು ಉಳಿಸಿಕೊಳ್ಳುವ ಖರ್ಚು ಮಾತ್ರ ಬೆಳೆಗಾರನೊಬ್ಬನ ತಲೆಯ ಮೇಲಿದೆ.

ಇಳಿಜಾರು ಬೇಕಾಗಿದ್ದು ಬಿಸಿಲಿಗಾಗಿ

ಇಷ್ಟು ಕಷ್ಟದ ಜಾಗದಲ್ಲಿ ದ್ರಾಕ್ಷಿ ಏಕೆ ಹಾಕಿದರು ಎಂಬುದು ಮೊದಲ ಪ್ರಶ್ನೆ. ಕೊಖೆಮ್ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೆಪ್ಟೆಂಬರ್ ಕೊನೆಯ ವಾರ, ಅಂದರೆ ದ್ರಾಕ್ಷಿ ಹಣ್ಣಾಗುವ ಹೊತ್ತಿನಲ್ಲಿ, ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 40 ಡಿಗ್ರಿಗಿಂತ ಮೇಲೇರುವುದಿಲ್ಲ. ಸಮತಟ್ಟಾದ ನೆಲದ ಮೇಲೆ ಆ ಬಿಸಿಲು ಓರೆಯಾಗಿ ಬಿದ್ದು ಹಂಚಿಹೋಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿ 50 ಡಿಗ್ರಿ ಎದ್ದು ನಿಂತ ಇಳಿಜಾರಿನ ಮೇಲೆ ಅದೇ ಬಿಸಿಲು ನೇರವಾಗಿ ಬೀಳುತ್ತದೆ. ಕಪ್ಪು ಸ್ಲೇಟುಕಲ್ಲು ಹಗಲಿನ ಕಾವನ್ನು ಹೀರಿಕೊಂಡು ರಾತ್ರಿ ಬಿಟ್ಟುಕೊಡುತ್ತದೆ, ಕೆಳಗಿನ ನದಿ ಚಳಿಯ ಹೊಡೆತವನ್ನು ತಗ್ಗಿಸುತ್ತದೆ. ನಿಧಾನವಾಗಿ ಹಣ್ಣಾಗುವ ರೀಸ್ಲಿಂಗ್‌ಗೆ ಈ ಮೂರೂ ಬೇಕಿದ್ದವು. ನೂರು ವರ್ಷದ ಹಿಂದೆ ಹೊಲದಂಥ ಜಾಗದಲ್ಲಿ ರೀಸ್ಲಿಂಗ್ ಹಾಕಿದ್ದರೆ ಹಲವು ವರ್ಷ ಹುಳಿ ಕಾಯಿಯೇ ಸಿಗುತ್ತಿತ್ತು.

ಕಾಲ್ಮೊಂಟ್ ನದಿಯಿಂದ ಸುಮಾರು 290 ಮೀಟರ್ ಮೇಲೇರುತ್ತದೆ. ಕೆಲವೆಡೆ ಇಳಿಜಾರು 65 ಡಿಗ್ರಿ ಮುಟ್ಟುತ್ತದೆ. ಅಂಥ ಕಡೆ ಮಣ್ಣು ತಾನಾಗಿ ನಿಲ್ಲುವುದಿಲ್ಲ. ಹಾಗಾಗಿ ಅಲ್ಲೇ ಸಿಕ್ಕ ಕಲ್ಲುಗಳನ್ನು ಗಾರೆ ಹಾಕದೆ ಒಂದರ ಮೇಲೊಂದು ಹೊಂದಿಸಿ ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ, ಕೆಲವೇ ಸಾಲು ಬಳ್ಳಿ ಹಿಡಿಯುವಷ್ಟು ಅಗಲದ ಪಟ್ಟಿಗಳನ್ನು ಮಾಡಿದರು. ಗಾರೆ ಹಾಕದಿರಲು ಕಾರಣವಿದೆ. ಮಳೆ ನೀರು ಕಲ್ಲಿನ ಸಂದುಗಳಲ್ಲಿ ಸೋಸಿ ಹೊರಹೋಗಬೇಕು. ಸಂದು ಮುಚ್ಚಿದರೆ ಹಿಂದೆ ನೀರು ಕಟ್ಟಿ, ಅದರ ಒತ್ತಡಕ್ಕೇ ಗೋಡೆ ಉರುಳುತ್ತದೆ.

ಒಂದು ಹೆಕ್ಟೇರಿನಲ್ಲಿ ವರ್ಷವಿಡೀ ಏನು ಕೆಲಸ?

ಹಳೆಯ ಪದ್ಧತಿಯಲ್ಲಿ ಪ್ರತಿ ಬಳ್ಳಿಗೂ ಆಳೆತ್ತರ ಮೀರಿದ ಅದರದೇ ಗೂಟ. ತಂತಿ ಇರುವುದಿಲ್ಲ, ಏಕೆಂದರೆ ಕೆಲಸದವನು ಇಳಿಜಾರಿನಲ್ಲಿ ಅಡ್ಡಡ್ಡ ಓಡಾಡಬೇಕು. ನೇರ ಮೇಲೆ ಹತ್ತಿ ಇಳಿಯುವುದೇ ಆದರೆ ಅರ್ಧ ದಿನಕ್ಕೆ ಮೊಣಕಾಲು ಸೋಲುತ್ತದೆ. ಹೆಕ್ಟೇರಿಗೆ, ಅಂದರೆ ಸುಮಾರು ಎರಡೂವರೆ ಎಕರೆಗೆ, 5 ಸಾವಿರದಿಂದ 10 ಸಾವಿರದವರೆಗೂ ಬಳ್ಳಿಗಳಿರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಒಂದೊಂದನ್ನೂ ಕೈಯಿಂದ ಸವರಬೇಕು. ಉಳಿಸಿಕೊಂಡ ಎರಡು ಕಡ್ಡಿಗಳನ್ನು ಬಾಗಿಸಿ, ಎಡಕ್ಕೊಂದು ಬಲಕ್ಕೊಂದು ತಂದು ಗೂಟಕ್ಕೆ ಕಟ್ಟಬೇಕು. ಕಟ್ಟಿದಾಗ ಹೃದಯದ ಆಕಾರ ಬರುತ್ತದೆ. ಇದು ಅಲಂಕಾರಕ್ಕಲ್ಲ. ಕಡ್ಡಿಯನ್ನು ಬಾಗಿಸದಿದ್ದರೆ ತುದಿಯ ಕಣ್ಣುಗಳಷ್ಟೇ ಚಿಗುರಿ ಬುಡದ ಕಣ್ಣುಗಳು ಬರಡಾಗುತ್ತವೆ. ಒಣ ಚಳಿಯಿದ್ದ ದಿನ ಬಾಗಿಸಿದರೆ ಕಡ್ಡಿ ಮುರಿಯುತ್ತದೆ, ಆದ್ದರಿಂದ ತೇವದ ದಿನ ಕಾಯುತ್ತಾರೆ.

ಮೇ ತಿಂಗಳಿಂದ ಚಿಗುರು ಕಟ್ಟುವುದು, ಬೇಡದ ಕುಡಿ ತೆಗೆಯುವುದು, ಗೊಂಚಲಿನ ಸುತ್ತ ಎಲೆ ಬಿಡಿಸುವುದು. ಅದರ ಜತೆಗೇ ಡೌನಿ ರೋಗ, ಬೂದಿ ರೋಗಗಳಿಗೆ 10ರಿಂದ 14 ದಿನಕ್ಕೊಮ್ಮೆ ಔಷಧಿ. ಟ್ರ್ಯಾಕ್ಟರ್ ಹತ್ತದ ಕಡೆ ಇದನ್ನು ಪೈಪ್ ಎಳೆದು ಹೊಡೆಯಬೇಕು, ಇಲ್ಲವೇ ಹೆಲಿಕಾಪ್ಟರ್. ಯುರೋಪಿನಲ್ಲಿ ಆಕಾಶದಿಂದ ಔಷಧಿ ಸಿಂಪಡಿಸುವುದು ಸಾಮಾನ್ಯವಾಗಿ ನಿಷಿದ್ಧ. ಕಡಿದಾದ ದ್ರಾಕ್ಷಿ ತೋಟಗಳಂಥ ಕೆಲವೇ ಕಡೆ ವಿನಾಯಿತಿ ಉಳಿದಿದೆ. ಈಚೆಗೆ ಡ್ರೋನ್ ಬಂದಿದೆ. ಅದರ ಟ್ಯಾಂಕ್ ಚಿಕ್ಕದು, ಹಾಗಾಗಿ ಮತ್ತೆ ಮತ್ತೆ ಇಳಿಸಿ ತುಂಬಬೇಕು. ಆದರೆ ಗಾಳಿಗೆ ಪಕ್ಕಕ್ಕೆ ತೂರಿಹೋಗುವ ಔಷಧಿ ಹೆಲಿಕಾಪ್ಟರಿಗಿಂತ ಕಡಿಮೆ.

ಕೊಯ್ಲು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ. ಹಣ್ಣು ಕೆಳಗಿಳಿಸಲು ಒಂದೇ ಹಳಿಯ ಹಲ್ಲುಗಾಲಿ ರೈಲುಗಳಿವೆ. ಸ್ಲೇಟಿನೊಳಗೆ ಹೊಡೆದ ಕಂಬಗಳ ಮೇಲೆ ಚೌಕಾಕಾರದ ಕಬ್ಬಿಣದ ಕೊಳವೆ, ಅದರ ಅಡಿಯಲ್ಲಿ ಹಲ್ಲಿನ ಪಟ್ಟಿ, ಅದಕ್ಕೆ ಕಚ್ಚಿಕೊಂಡು ಪೆಟ್ರೋಲ್ ಎಂಜಿನಿನ ಪುಟ್ಟ ಗಾಡಿ ನಡಿಗೆಯ ವೇಗದಲ್ಲಿ ಹತ್ತಿಳಿಯುತ್ತದೆ. ಇದು ಬರುವ ಮುಂಚೆ ಎಲ್ಲವೂ ಬೆನ್ನ ಮೇಲಿನ ಬುಟ್ಟಿಯಲ್ಲಿ. ರೈಲು ಹೊರೆಯನ್ನಷ್ಟೇ ಇಳಿಸಿತು. ಸವರುವ, ಕಟ್ಟುವ, ಕೊಯ್ಯುವ ಕೈಕೆಲಸ ಇದ್ದ ಹಾಗೇ ಇದೆ.

ಕೂಲಿಯ ಲೆಕ್ಕ

ಯಂತ್ರ ಸಲೀಸಾಗಿ ಓಡುವ ಸಮತಟ್ಟಾದ ತೋಟಕ್ಕೆ ಹೆಕ್ಟೇರಿಗೆ ವರ್ಷಕ್ಕೆ 200ರಿಂದ 300 ಗಂಟೆ ಕೆಲಸ ಸಾಕು. ಗೋಡೆ ಕಟ್ಟಿದ ಕಡಿದಾದ ತೋಟಕ್ಕೆ ಸಾವಿರ ಗಂಟೆ ಮೀರುತ್ತದೆ, ಕೆಲವೆಡೆ 1,500 ಮುಟ್ಟುತ್ತದೆ. ಜರ್ಮನಿಯ ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಪೋಲೆಂಡ್, ರೊಮೇನಿಯಾಗಳಿಂದ ಬರುವ ಹಂಗಾಮಿ ಕೆಲಸಗಾರರಿಗೂ ಇದೇ ದರ.

ಒಂದು ಅಂದಾಜು ಹಾಕಿ ನೋಡೋಣ. ಕಡಿದಾದ ತೋಟಕ್ಕೆ 1,200 ಗಂಟೆ ಹಿಡಿದರೆ ಕೂಲಿಯೇ 16,680 ಯೂರೋ. ಅಂಥ ಜಾಗದಲ್ಲಿ ಹೆಕ್ಟೇರಿಗೆ 6 ಸಾವಿರ ಲೀಟರ್ ವೈನ್ ಬಂದರೆ ಲೀಟರಿಗೆ 2.78 ಯೂರೋ ಕೂಲಿಗೇ ಹೋಯಿತು. ಸಮತಟ್ಟಿನಲ್ಲಿ 250 ಗಂಟೆ, 9 ಸಾವಿರ ಲೀಟರ್ ಎಂದರೆ ಕೂಲಿ ಲೀಟರಿಗೆ 39 ಸೆಂಟ್. ಔಷಧಿ, ಯಂತ್ರ, ಪೀಪಾಯಿ, ಬಾಟಲಿ, ಸಾಲದ ಬಡ್ಡಿ ಯಾವುದೂ ಇದರಲ್ಲಿ ಸೇರಿಲ್ಲ.

ಈಗ ಬೆಲೆಯ ಕಡೆ ನೋಡಿ. ಎಲ್ಲ ಬೆಳೆಗಾರರೂ ತಮ್ಮ ಹೆಸರಿನ ಬಾಟಲಿ ಮಾರುವುದಿಲ್ಲ. ಬಹಳ ಮಂದಿ ವೈನನ್ನು ಸಗಟಾಗಿ ದೊಡ್ಡ ಕಂಪನಿಗಳಿಗೆ ಕೊಡುತ್ತಾರೆ. ಕಳೆದ ಒಂದೆರಡು ವರ್ಷಗಳಲ್ಲಿ ಜರ್ಮನಿಯಲ್ಲಿ ಸಾಮಾನ್ಯ ಸಗಟು ವೈನಿನ ಬೆಲೆ ಲೀಟರಿಗೆ 40ರಿಂದ 60 ಸೆಂಟ್‌ಗೆ ಇಳಿದಿದೆ. ಸಮತಟ್ಟಿನವನಿಗೇ ಉತ್ಪಾದನಾ ವೆಚ್ಚ 1 ಯೂರೋ ದಾಟುತ್ತದೆ. ಅವನು ನಷ್ಟದಲ್ಲಿದ್ದಾನೆ, ಇಳಿಜಾರಿನವನಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಸ್ವಂತ ಬಾಟಲಿ ಮಾಡಿ 12, 15 ಯೂರೋಗೆ ಮಾರಬಲ್ಲವನು ಮಾತ್ರ ಕಾಲ್ಮೊಂಟ್‌ನಂಥ ಜಾಗದಲ್ಲಿ ನಿಲ್ಲಬಹುದು. ಅಂಥವರು ಇದ್ದಾರೆ, ಚೆನ್ನಾಗಿಯೂ ನಡೆಸುತ್ತಿದ್ದಾರೆ. ಪ್ರಶಸ್ತಿಯ ಸುದ್ದಿಯೂ ಬಳ್ಳಿ ಕೀಳುವ ಸುದ್ದಿಯೂ ಒಂದೇ ಊರಿಂದ ಬರುವುದು ಹೀಗೆ. ಆದರೆ ಆ ಕೆಲವರು ಕಣಿವೆಯ ಎಲ್ಲ ಇಳಿಜಾರನ್ನೂ ಮಾಡಲಾರರು. ಅಷ್ಟು ದುಬಾರಿ ಬಾಟಲಿಗೆ ಗಿರಾಕಿಗಳೂ ಮಿತಿಯಲ್ಲೇ ಇದ್ದಾರೆ.

ಇನ್ನೊಂದು ತೊಡಕು ಹಿಸ್ಸೆಯದು. ರೈನ್ ಸೀಮೆಯಲ್ಲಿ ಆಸ್ತಿಯನ್ನು ಮಕ್ಕಳಿಗೆಲ್ಲ ಸಮನಾಗಿ ಹಂಚುವ ಪದ್ಧತಿ ಇದ್ದುದರಿಂದ ಒಬ್ಬೊಬ್ಬರ ತೋಟ ಹತ್ತಾರು ತುಂಡುಗಳಾಗಿ ಹರಿದು ಹಂಚಿದೆ. ಒಂದು ತುಂಡು ಮೇಲೆ, ಇನ್ನೊಂದು ಕೆಳಗೆ, ಮತ್ತೊಂದು ನದಿಯಾಚೆ. ತುಂಡು ಜಮೀನು ಒಗ್ಗೂಡಿಸುವ ಸರ್ಕಾರಿ ಯೋಜನೆ ದಶಕಗಳಿಂದ ನಡೆದಿದೆ. ದಾರಿ ಮಾಡಬಹುದಾದ ಕಡೆ ಅದು ಫಲ ಕೊಟ್ಟಿದೆ. ಕಡಿದಾದ ಗೋಡೆಗಳ ಭಾಗಕ್ಕೆ ಅದರ ಲಾಭ ಕಡಿಮೆಯೇ.

ಬೆಲೆ ಏಕೆ ಏರಲಿಲ್ಲ?

20ನೇ ಶತಮಾನದ ಆರಂಭದಲ್ಲಿ ಒಳ್ಳೆಯ ಮೋಸೆಲ್ ರೀಸ್ಲಿಂಗ್ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಫ್ರಾನ್ಸಿನ ಬೋರ್ಡೊ ಸೀಮೆಯ ಹೆಸರಾಂತ ವೈನುಗಳ ಸಮಕ್ಕೆ, ಕೆಲವೊಮ್ಮೆ ಅವಕ್ಕಿಂತ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಆ ಬೆಲೆಯೇ ಗೋಡೆಗಳನ್ನು ನಿಲ್ಲಿಸಿತ್ತು.

ಆಮೇಲೆ ಆದದ್ದಕ್ಕೆ 1971ರ ಜರ್ಮನ್ ವೈನ್ ಕಾನೂನಿನ ಪಾಲು ದೊಡ್ಡದು. ಅದು ಗುಣಮಟ್ಟವನ್ನು ದ್ರಾಕ್ಷಿ ರಸದಲ್ಲಿನ ಸಕ್ಕರೆಯ ಅಂಶದ ಮೇಲೆ ಅಳೆಯಿತು, ಬೆಳೆದ ಜಾಗದ ಮೇಲೆ ಅಲ್ಲ. ಜತೆಗೆ ಹಲವು ಊರುಗಳ ತೋಟಗಳನ್ನು ಒಂದೇ ದೊಡ್ಡ ಹೆಸರಿನಡಿ ಮಾರಲು ಅವಕಾಶ ಕೊಟ್ಟಿತು. ಇದೇ ಜಿಲ್ಲೆಯ ತ್ಸೆಲ್ ಪಟ್ಟಣದ 'ಕಪ್ಪು ಬೆಕ್ಕು' ಅದಕ್ಕೆ ಚೆನ್ನಾದ ಉದಾಹರಣೆ. ಆ ಹೆಸರು ಲೋಕಪ್ರಸಿದ್ಧ. ಆದರೆ ಬಾಟಲಿ ಕೊಂಡವನಿಗೆ ಒಳಗಿರುವುದು ಇಳಿಜಾರಿನ ರೀಸ್ಲಿಂಗೋ, ತಗ್ಗಿನ ಜಾಗದಲ್ಲಿ ಹೆಚ್ಚು ಇಳುವರಿಗೆ ಬೆಳೆದ ಬೇರೆ ತಳಿಯೋ ತಿಳಿಯುತ್ತಿರಲಿಲ್ಲ. 1970, 80ರ ದಶಕಗಳಲ್ಲಿ ಅಗ್ಗದ ಸಿಹಿ ವೈನ್ ಇಂಥ ಹೆಸರುಗಳಡಿ ರಾಶಿ ರಾಶಿ ರಫ್ತಾಯಿತು. ಗಿರಾಕಿಯ ಮನಸ್ಸಿನಲ್ಲಿ ಮೋಸೆಲ್ ಎಂದರೆ ಅಗ್ಗ ಎಂದಾಯಿತು. ಕಷ್ಟದ ಜಾಗದ ಬೆಲೆ ಸುಲಭದ ಜಾಗದ ಬೆಲೆಗೆ ಕಟ್ಟುಬಿದ್ದದ್ದು ಆಗಲೇ. ಹೊಸ ಕಾನೂನು ಮೂಲ ಜಾಗಕ್ಕೆ ತೂಕ ಕೊಡುತ್ತದೆ, 2026ರ ಕೊಯ್ಲಿನಿಂದ ಅದರ ಲೇಬಲ್ ನಿಯಮಗಳು ಪೂರ್ತಿ ಜಾರಿಗೆ ಬರುತ್ತವೆ. ಐವತ್ತು ವರ್ಷ ತಡವಾಯಿತು ಎಂದೇ ಹೇಳಬೇಕು.

ಈಗಿನ ಕುಸಿತಕ್ಕೆ ಬೇರೆ ಕಾರಣವೂ ಸೇರಿದೆ. ಜನ ವೈನ್ ಕುಡಿಯುವುದು ಕಡಿಮೆಯಾಗಿದೆ. ಅಂತರರಾಷ್ಟ್ರೀಯ ವೈನ್ ಸಂಘಟನೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಬಳಕೆ ಸುಮಾರು 2,140 ಕೋಟಿ ಲೀಟರ್, 1961ರಿಂದೀಚೆಗೆ ಅತಿ ಕಡಿಮೆ. ಎಳೆಯರು ಕುಡಿಯುವುದೇ ಕಡಿಮೆ, ಹಣದುಬ್ಬರದಿಂದ ಹಿರಿಯರು ಅಗ್ಗದ ಆಮದು ವೈನಿಗೆ ತಿರುಗಿದ್ದಾರೆ. ಜರ್ಮನ್ ವೈನಿನ ಬಹುಮುಖ್ಯ ರಫ್ತು ಮಾರುಕಟ್ಟೆ ಅಮೆರಿಕ. ಅದು 2025ರ ಆಗಸ್ಟ್‌ನಲ್ಲಿ ಯುರೋಪಿನ ಹೆಚ್ಚಿನ ಸರಕಿಗೆ 15 ಪ್ರತಿಶತ ಸುಂಕ ಹಾಕಿತು.

ಬಿಸಿ ಏರಿದ ಮೇಲೆ ಇಳಿಜಾರಿನ ಹೆಚ್ಚುಗಾರಿಕೆ ಏನಾಯಿತು?

ಇಲ್ಲಿ ಚರ್ಚೆಗಳಲ್ಲಿ ಸಾಕಷ್ಟು ಗಮನ ಸಿಗದ ಒಂದು ಅಂಶವಿದೆ. ಹವಾಮಾನ ಬಿಸಿಯಾಗುತ್ತಿರುವುದರಿಂದ ರೀಸ್ಲಿಂಗ್ ಈಗ ಮೊದಲಿಗಿಂತ ವಾರಗಟ್ಟಲೆ ಮುಂಚೆ ಹಣ್ಣಾಗುತ್ತದೆ. ಬೆಳೆಗಾರರು ಮೊದಲಿಗೆ ಇದನ್ನು ವರವೆಂದೇ ಎಣಿಸಿದರು, ಹುಳಿ ವೈನಿನ ಕೆಟ್ಟ ವರ್ಷಗಳು ಮಾಯವಾದವು. ಆದರೆ ಇದರ ಇನ್ನೊಂದು ಮುಖ ಗಂಭೀರವಾದುದು. ಹಣ್ಣಾಗಲು ಕಡಿದಾದ ಇಳಿಜಾರೇ ಬೇಕೆಂಬ ಕಟ್ಟುಪಾಡು ಸಡಿಲವಾಯಿತು. ತಗ್ಗಿನ ಜಾಗದಲ್ಲಿ, ಮೇಲಿನ ಬಯಲಂಚಿನಲ್ಲಿ, ಉತ್ತರಕ್ಕೆ ಮುಖ ಮಾಡಿದ ತೋಟದಲ್ಲೂ ಈಗ ತಕ್ಕಮಟ್ಟಿಗೆ ಒಳ್ಳೆಯ ರೀಸ್ಲಿಂಗ್ ಬರುತ್ತದೆ, ಅದೂ ಕಾಲು ಭಾಗದ ಕೂಲಿಯಲ್ಲಿ. ಇಳಿಜಾರಿನ ವೈನಿನ ರುಚಿಯೇ ಬೇರೆ ಎಂಬುದು ನಿಜ. ಆದರೆ ಅದರ ಬೆಲೆಯನ್ನು ಹಿಡಿದು ನಿಲ್ಲಿಸಿದ್ದು ರುಚಿಯೊಂದೇ ಆಗಿರಲಿಲ್ಲ, ಬೇರೆ ಕಡೆ ಆಗದು ಎಂಬ ಕೊರತೆಯೂ ಆಗಿತ್ತು. ಆ ಕೊರತೆ ಕರಗಿತು.

ಜತೆಗೆ ಸಂಕಟಗಳು ಮೇಲಿನಿಂದಲೂ ಬಂದವು. ತೆಳು ಮಣ್ಣಿನ ಮೆಟ್ಟಿಲುಗಳಲ್ಲಿ ಬೇಸಿಗೆಯ ಒಣಹವೆಗೆ ಎಳೆ ಬಳ್ಳಿಗಳು ಸೊರಗುತ್ತವೆ, ಗೊಂಚಲಿಗೆ ಬಿಸಿಲ ಸುಡು ತಗಲುತ್ತದೆ. ಬೇಗ ಚಿಗುರಿದ ಬಳ್ಳಿಗೆ ಏಪ್ರಿಲ್ ಹಿಮ ಮಾರಕ. 2024ರ ಏಪ್ರಿಲ್ ಕೊನೆಯ ವಾರದ ಹಿಮ ಮೋಸೆಲ್ ಸೀಮೆಯ ಆ ವರ್ಷದ ಬೆಳೆಗೆ ದೊಡ್ಡ ಹೊಡೆತ ಕೊಟ್ಟಿತು.

ಒಬ್ಬ ಬಿಟ್ಟ ತೋಟ ಪಕ್ಕದವನನ್ನು ಹೇಗೆ ಮುಳುಗಿಸುತ್ತದೆ?

1990ರ ಸುಮಾರಿಗೆ ಇಡೀ ಮೋಸೆಲ್ ವೈನ್ ಸೀಮೆಯಲ್ಲಿ 12 ಸಾವಿರ ಹೆಕ್ಟೇರಿಗೂ ಹೆಚ್ಚು ತೋಟವಿತ್ತು. ಈಗ ಉಳಿದಿರುವುದು 8,500ರ ಆಸುಪಾಸು. ಮೊದಲು ಬಿಟ್ಟದ್ದು ಅತಿ ಕಡಿದಾದ, ದಾರಿಯಿಲ್ಲದ ತುಂಡುಗಳನ್ನು. ಬಿಟ್ಟ ತುಂಡು ಸುಮ್ಮನೆ ಕಾಡಾದರೆ ಚಿಂತೆಯಿರಲಿಲ್ಲ, ಆದರೆ ಅದು ಅಕ್ಕಪಕ್ಕದವರಿಗೆ ಕೇಡು ತರುತ್ತದೆ.

ಮೊದಲನೆಯದು ರೋಗ. ಔಷಧಿ ಕಾಣದ ಬಳ್ಳಿಯಲ್ಲಿ ಕಪ್ಪು ಕೊಳೆ ರೋಗ ನೆಲೆಯೂರುತ್ತದೆ. ಕೊಳೆತು ಒಣಗಿದ ಕಾಯಿಗಳು ಚಳಿಗಾಲವಿಡೀ ಬಳ್ಳಿಯಲ್ಲೇ ತೂಗುತ್ತವೆ. ವಸಂತದ ಮಳೆ ಬಿದ್ದೊಡನೆ ಅವುಗಳಿಂದ ಶಿಲೀಂಧ್ರದ ಕಣಗಳು ಗಾಳಿಗೆ ಹಾರಿ ಪಕ್ಕದ ತೋಟಕ್ಕೆ ಇಳಿಯುತ್ತವೆ. 2002ರಿಂದ ಕೆಲವು ವರ್ಷ ಮೋಸೆಲ್‌ನಲ್ಲಿ ಈ ರೋಗ ಜೋರಾಗಿ ಕಾಣಿಸಿಕೊಂಡಾಗ ಅದರ ಮೂಲ ಪಾಳು ತೋಟಗಳೇ ಎಂದು ಗೊತ್ತಾಯಿತು. ಸಾವಯವ ಬೆಳೆಗಾರರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅವರ ಕೈಯಲ್ಲಿರುವ ತಾಮ್ರ, ಗಂಧಕಗಳು ಇದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಫಿಲೋಕ್ಸೆರಾ ಎಂಬ ಬೇರು ಹೇನಿನದೂ ಇದೇ ಕಥೆ. ಕಸಿ ಮಾಡಿದ ಬಳ್ಳಿಯ ಬುಡದಿಂದ ರೂಟ್‌ಸ್ಟಾಕ್, ಅಂದರೆ ಕಸಿಗೆ ಬಳಸಿದ ಬೇರಿನ ತಳಿ, ಚಿಗುರಿ ಹಬ್ಬಿದರೆ ಅದರ ಎಲೆಗಳಲ್ಲಿ ಹೇನು ಗಂಟು ಕಟ್ಟಿ ಸಂತಾನ ಬೆಳೆಸುತ್ತದೆ.

ಎರಡನೆಯದು ಕಾಡುಹಂದಿ. ಮುಳ್ಳುಪೊದೆ ಬೆಳೆದ ಪಾಳು ತುಂಡು ಅವುಗಳಿಗೆ ಹಗಲಿನ ಅಡಗುದಾಣ, ಕೊಯ್ಲಿಗೆ ಬಂದ ಪಕ್ಕದ ತೋಟ ರಾತ್ರಿಯ ಊಟ. ಮೂರನೆಯದು ಗೋಡೆ. ಪೊದೆ, ಮರಗಳ ಬೇರು ಕಲ್ಲಿನ ಸಂದಿಗೆ ಇಳಿದು ದಪ್ಪವಾಗುತ್ತಾ ಹೋದಂತೆ ಗೋಡೆ ಹೊಟ್ಟೆ ಬಿಡುತ್ತದೆ. ಸಣ್ಣ ಮಣ್ಣು ತುಂಬಿ ನೀರು ಸೋಸುವುದು ನಿಲ್ಲುತ್ತದೆ. ಒಂದು ಜೋರು ಮಳೆಗೆ ಮೇಲಿನ ಗೋಡೆ ಕೆಳಗಿನದರ ಮೇಲೆ ಬೀಳುತ್ತದೆ, ಕೆಳಗಿನ ಗೋಡೆ ಚೆನ್ನಾಗಿ ನೋಡಿಕೊಂಡ ಪಕ್ಕದವನದೇ ಆಗಿರಬಹುದು. ಮತ್ತೆ ಕಟ್ಟಿಸಲು ಚದರ ಮೀಟರಿಗೆ ನೂರಾರು ಯೂರೋ. ಗಾರೆಯಿಲ್ಲದೆ ಕಟ್ಟಬಲ್ಲ ಕೈಗಳೂ ವಿರಳ.

ಹೀಗಾಗಿ ಇಳಿಜಾರು ಖಾಲಿಯಾಗುವುದು ಒಂದೊಂದಾಗಿ ಅಲ್ಲ. ಮೂರರಲ್ಲೊಂದು ತುಂಡು ಪಾಳಾದರೆ ಉಳಿದ ಎರಡರ ಖರ್ಚು ಏರುತ್ತದೆ, ಹೆಲಿಕಾಪ್ಟರ್, ಹಳಿ ರೈಲು, ದಾರಿ ರಿಪೇರಿಗಳ ವೆಚ್ಚ ಹಂಚಿಕೊಳ್ಳುವವರು ಕಡಿಮೆಯಾಗುತ್ತಾರೆ. ಒಂದು ಹಂತ ದಾಟಿದ ಮೇಲೆ ಇಡೀ ಇಳಿಜಾರು ಒಟ್ಟಿಗೇ ಬೀಳುತ್ತದೆ.

ಚಿಟ್ಟೆಯ ಪ್ರಶ್ನೆ

ಈ ಗೋಡೆಗಳಲ್ಲಿ ಒಂದು ವಿಶಿಷ್ಟ ಜೀವಿಯಿದೆ. ಬಿಳಿ ರೆಕ್ಕೆಯ ಮೇಲೆ ಕೆಂಪು ಬೊಟ್ಟಿನ ಮೋಸೆಲ್ ಆಪೊಲೊ ಚಿಟ್ಟೆ. ಆಪೊಲೊ ಚಿಟ್ಟೆಯ ಈ ಉಪಜಾತಿ ಕೆಳ ಮೋಸೆಲ್ ಕಣಿವೆಯಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇದರ ಮರಿಹುಳು ತಿನ್ನುವುದು ಬಿಸಿಲು ಬೀಳುವ ಬಂಡೆ, ಕಲ್ಲುಗೋಡೆಗಳಲ್ಲಿ ಬೆಳೆಯುವ, ದಪ್ಪನೆಯ ಎಲೆಯ ಬಿಳಿ ಸೀಡಮ್ ಗಿಡವನ್ನು. ತೋಟ ಪಾಳು ಬಿದ್ದು ಪೊದೆ ಬೆಳೆದರೆ ನೆರಳಿಗೆ ಸೀಡಮ್ ಸಾಯುತ್ತದೆ, ಅದರೊಂದಿಗೆ ಚಿಟ್ಟೆಯೂ. ತೋಟ ಉಳಿದರೆ ಔಷಧಿ ಸಿಂಪಡಣೆ ಉಳಿಯುತ್ತದೆ. ಚಿಟ್ಟೆಯ ಸಂಖ್ಯೆ ಈಚಿನ ವರ್ಷಗಳಲ್ಲಿ ತೀವ್ರವಾಗಿ ಕುಸಿದಿದ್ದು, ಹೆಲಿಕಾಪ್ಟರಿನಿಂದ ತೂರಿಬರುವ ಔಷಧಿಯೇ ಕಾರಣವೆಂದು ಪರಿಸರ ಕಾರ್ಯಕರ್ತರು ವಾದಿಸುತ್ತಾರೆ. ಬೆಚ್ಚಗಿನ ಚಳಿಗಾಲದಿಂದ ಮರಿಹುಳು ಹೊತ್ತಲ್ಲದ ಹೊತ್ತಿನಲ್ಲಿ ಹೊರಬರುವುದೂ ಕಾರಣವಿರಬಹುದು ಎಂಬುದು ಬೆಳೆಗಾರರ ಉತ್ತರ. ಸಿಂಪಡಣೆಯನ್ನು ಕಡಿತ ಮಾಡುವ ದಾರಿ ಇದೆ. ರೋಗ ತಾಳುವ ಹೊಸ ತಳಿಗಳಿಗೆ ಎರಡು ಮೂರು ಸಲ ಔಷಧಿ ಹೊಡೆದರೆ ಸಾಕು. ಆದರೆ ಆ ತಳಿಗಳ ಹೆಸರು ಗಿರಾಕಿಗೆ ಗೊತ್ತಿಲ್ಲ, ಮತ್ತು ರೀಸ್ಲಿಂಗ್ ಎಂದು ಲೇಬಲ್ ಹಾಕುವಂತಿಲ್ಲ.

ಯಾರು ಏನು ಹೇಳುತ್ತಾರೆ?

ಮಾರುಕಟ್ಟೆಗೆ ಬಿಡಿ ಎನ್ನುವವರ ವಾದ ಹೀಗಿದೆ. ಜರ್ಮನಿಯಲ್ಲಿ ಲಕ್ಷ ಹೆಕ್ಟೇರಿನಷ್ಟು ದ್ರಾಕ್ಷಿ ತೋಟವಿದೆ, ಬಳಕೆ ಇಳಿದಿದೆ, ಆದ್ದರಿಂದ ವಿಸ್ತೀರ್ಣ ಇಳಿಯಲೇಬೇಕು. ಫ್ರಾನ್ಸ್ ಹೆಕ್ಟೇರಿಗೆ 4 ಸಾವಿರ ಯೂರೋ ಕೊಟ್ಟು ಸಾವಿರಾರು ಹೆಕ್ಟೇರ್ ಬಳ್ಳಿ ಕೀಳಿಸಿದೆ. ತರ್ಕ ಸರಿಯಿದೆ, ಆದರೆ ಯಾವ ತೋಟ ಹೋಗುತ್ತದೆ ಎಂಬುದೇ ತೊಂದರೆ. ಕೀಳಲು ಎಲ್ಲರಿಗೂ ಒಂದೇ ದರ ಕೊಟ್ಟರೆ ಮೊದಲು ಕೈಬಿಡುವುದು ಖರ್ಚು ಹೆಚ್ಚಿನ ಇಳಿಜಾರನ್ನು. ಹೆಚ್ಚುವರಿ ವೈನ್ ಬರುತ್ತಿರುವುದೋ ಸಮತಟ್ಟಿನ ಹೆಚ್ಚು ಇಳುವರಿಯ ತೋಟಗಳಿಂದ. ವೈನಿನ ರಾಶಿ ಹೆಚ್ಚು ಕರಗುವುದಿಲ್ಲ, ಕಣಿವೆಯ ಗೋಡೆಗಳು ಮಾತ್ರ ಹೋಗುತ್ತವೆ.

ಬೆಳೆಗಾರರು ಕೇಳುವುದು ನಾಟಿ ಹಕ್ಕು ಕಳೆದುಕೊಳ್ಳದೆ ಕೆಲವು ವರ್ಷ ಬೀಳು ಬಿಡುವ ಅವಕಾಶ. ಯುರೋಪಿನಲ್ಲಿ ಯಾರೂ ಬೇಕಾದಲ್ಲಿ ಬೇಕಾದಷ್ಟು ವೈನ್ ದ್ರಾಕ್ಷಿ ಹಾಕುವಂತಿಲ್ಲ, ಪ್ರತಿ ತುಂಡಿಗೂ ಅನುಮತಿ ಬೇಕು. ಕಿತ್ತವನಿಗೆ ಮತ್ತೆ ನೆಡುವ ಹಕ್ಕು ಸಿಗುತ್ತದೆ, ಆದರೆ ಅವಧಿಯೊಳಗೆ ನೆಡದಿದ್ದರೆ ಹಕ್ಕು ಬಿದ್ದುಹೋಗುತ್ತದೆ. 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಯುರೋಪಿನ ವೈನ್ ಸುಧಾರಣೆಯಲ್ಲಿ ಈ ಅವಧಿಯನ್ನು 8 ವರ್ಷಕ್ಕೆ ಏರಿಸುವ ಅಂಶವಿದೆ.

ಪಂಚಾಯಿತಿಗಳ ಮತ್ತು ಪ್ರವಾಸೋದ್ಯಮದವರ ಕಡೆಯಿಂದ ಬರುವ ಸಲಹೆ ಬೇರೆ. ಊರಿನ ಮುಖಕ್ಕೆ ಕಾಣುವ, ಒಳ್ಳೆಯ ವೈನ್ ಕೊಡುವ ಮುಖ್ಯ ಇಳಿಜಾರುಗಳನ್ನು ಗುರುತಿಸಿ ಹಣ, ಜನ, ದಾರಿ ಎಲ್ಲವನ್ನೂ ಅಲ್ಲಿಗೆ ಸೇರಿಸಿ, ಉಳಿದದ್ದನ್ನು ಕ್ರಮವಾಗಿ ಬೇರೆ ಬಳಕೆಗೆ ತಿರುಗಿಸಿ ಎಂಬುದು. ಮೇಕೆ ಮೇಯಿಸಿದರೆ ಪೊದೆ ಹತೋಟಿಯಲ್ಲಿರುತ್ತದೆ. ಕೊಖೆಮ್ ಸುತ್ತಮುತ್ತ ಹಳೆಯ ತೋಟಗಳಲ್ಲಿ ಕೆಂಪು ತಿರುಳಿನ ಪೀಚ್ ಮರಗಳನ್ನು ಹಾಕಿ ಜಾಮ್, ಲಿಕ್ಯೂರ್ ಮಾಡುವುದು ಆಗಲೇ ನಡೆದಿದೆ. ಈ ಮೂರರಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ಎಲ್ಲ ಇಳಿಜಾರನ್ನೂ ಉಳಿಸುತ್ತೇವೆ ಎನ್ನುವ ಮಾತು ಪ್ರಾಮಾಣಿಕವಲ್ಲ. ಎಲ್ಲಿ ಹಿಂದೆ ಸರಿಯಬೇಕೆಂದು ಯೋಚಿಸಿ ಸರಿದರೆ ಉಳಿದವನಿಗೆ ರೋಗವೂ ಹಂದಿಯೂ ತಗಲದಂತೆ ಗಡಿ ಹಾಕಬಹುದು. ಈಗಿರುವ ಸಹಾಯಧನ ಇಳಿಜಾರಿನ ಹೆಕ್ಟೇರಿನ ಲೆಕ್ಕದಲ್ಲಿ ಸಿಗುತ್ತದೆ, ಮೇಲೆ ಹೇಳಿದ ಕೂಲಿಯಲ್ಲಿ ಅದು ಸಣ್ಣ ಪಾಲು. ಹೋಟೆಲು, ದೋಣಿ, ಪ್ರವಾಸಿ ಕರಗಳಿಂದ ಬರುವ ಹಣದ ಒಂದು ಭಾಗ ನಿಂತಿರುವ ಗೋಡೆಯ ಮೀಟರ್ ಲೆಕ್ಕದಲ್ಲಿ ಬೆಳೆಗಾರನಿಗೆ ಸೇರುವುದು ನ್ಯಾಯ.

ಭಾರತದ ಮಾರುಕಟ್ಟೆ ನೆರವಾದೀತೇ?

ಭಾರತ ಮತ್ತು ಯುರೋಪಿನ ಒಕ್ಕೂಟದ ನಡುವೆ 2026ರ ಜನವರಿಯಲ್ಲಿ ಮಾತುಕತೆ ಮುಗಿದ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ವೈನ್ ಮೇಲಿನ 150 ಪ್ರತಿಶತ ಆಮದು ಸುಂಕವನ್ನು ಹಂತಹಂತವಾಗಿ ಇಳಿಸುವ ಮಾತಿದೆ. ಇದರಿಂದ ಬೆಂಗಳೂರಿನ ಅಂಗಡಿಯಲ್ಲಿ ಮೋಸೆಲ್ ರೀಸ್ಲಿಂಗ್ ಸ್ವಲ್ಪ ಅಗ್ಗವಾಗಬಹುದು. ಆದರೆ ಮದ್ಯದ ಮೇಲಿನ ಅಬಕಾರಿ ಸುಂಕ ರಾಜ್ಯಗಳ ಕೈಯಲ್ಲಿದೆ, ಅದನ್ನು ಈ ಒಪ್ಪಂದ ಮುಟ್ಟುವುದಿಲ್ಲ. ಭಾರತದಲ್ಲಿ ವೈನ್ ಕುಡಿಯುವವರ ಸಂಖ್ಯೆಯೂ ಇನ್ನೂ ಚಿಕ್ಕದು. ಹೆಸರು ಮಾಡಿದ ಬಾಟಲಿಗಳಿಗೆ ಹೊಸ ಬಾಗಿಲು ತೆರೆಯುತ್ತದೆ. ಸಗಟು ಮಾರುವ ಬೆಳೆಗಾರನಿಗೆ ಇದರಿಂದ ಏನೂ ದಕ್ಕದು.

ಎಂಟು ವರ್ಷದಲ್ಲಿ ಏನಾಗಬಹುದು?

ಎಂಟು ವರ್ಷದ ನಾಟಿ ಹಕ್ಕಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸಮತಟ್ಟಿನ ಬೆಳೆಗಾರನಿಗೆ ಅದು ನಿಜವಾದ ಬಿಡುವು. 2026ರಲ್ಲಿ ಕಿತ್ತು, ಹುಲ್ಲು ಬಿತ್ತಿ, 2034ರೊಳಗೆ ಬೆಲೆ ನೋಡಿಕೊಂಡು ಟ್ರ್ಯಾಕ್ಟರ್ ಇಳಿಸಿ ಮತ್ತೆ ನೆಡಬಹುದು. ಇಳಿಜಾರಿನಲ್ಲಿ ಎಂಟು ವರ್ಷ ಯಾರೂ ಕಾಲಿಡದಿದ್ದರೆ ಮುಳ್ಳುಪೊದೆ ಆಳೆತ್ತರವಾಗುತ್ತದೆ, ಮರಗಳ ಬೇರು ಗೋಡೆಯೊಳಗಿರುತ್ತದೆ, ಹಳಿ ರೈಲಿನ ಕಂಬಗಳು ಸಡಿಲವಾಗಿರುತ್ತವೆ. ಆಗ ಮತ್ತೆ ನೆಡಬೇಕೆಂದರೆ ಮೊದಲು ಪೊದೆ ಕಡಿಯಬೇಕು, ಗೋಡೆ ಕಟ್ಟಬೇಕು, ಆಮೇಲೆ ಸಸಿ. ಸಸಿ ನೆಟ್ಟ ಮೂರನೇ ವರ್ಷಕ್ಕೆ ಮೊದಲ ಕೊಯ್ಲು. ಅಷ್ಟು ಹಣ ಹಾಕುವವರು ಸಿಗುವುದಿಲ್ಲ, ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಇದಕ್ಕೆ ಪರಿಹಾರವನ್ನು ಆ ನಿಯಮದೊಳಗೇ ತರಬಹುದು. ಗೋಡೆ ಇರುವ ತುಂಡುಗಳಲ್ಲಿ ಹಕ್ಕು ಉಳಿಸಿಕೊಳ್ಳಬೇಕಾದರೆ ಮೂರು ಷರತ್ತು ಹಾಕಬೇಕು. ಹಳೆ ಬಳ್ಳಿಯನ್ನು ಬುಡಸಮೇತ ತೆಗೆಯಬೇಕು, ವರ್ಷಕ್ಕೊಮ್ಮೆಯಾದರೂ ಪೊದೆ ಸವರಬೇಕು ಅಥವಾ ಮೇಕೆ ಮೇಯಿಸಬೇಕು, ಗೋಡೆಯಿಂದ ಬಿದ್ದ ಕಲ್ಲನ್ನು ಅದೇ ವರ್ಷ ಮೇಲಿಡಬೇಕು. ಈ ಕೆಲಸಕ್ಕೆ ಹೆಕ್ಟೇರಿಗೆ ಬೇಕಾಗುವ ಗಂಟೆಗಳು ಪೂರ್ಣ ಕೃಷಿಗೆ ಬೇಕಾದುದರ ಸಣ್ಣ ಭಾಗ. ಅದರ ಕೂಲಿಯನ್ನು ರಾಜ್ಯವೂ ಜಿಲ್ಲೆಯೂ ಹಂಚಿಕೊಂಡರೆ, 2034ರಲ್ಲಿ ಬೆಲೆ ಚೇತರಿಸಿಕೊಂಡಿದ್ದ ಪಕ್ಷದಲ್ಲಿ ಮತ್ತೆ ನೆಡಲು ಇಳಿಜಾರಾದರೂ ಇರುತ್ತದೆ.